ಬಸುರಿಗೆ ಬಿಪಿ ಕೇಳ್ತೇವೆ, ಕುಡಿತ ಯಾಕೆ ಕೇಳೋದಿಲ್ಲ?

ತಿಂಗಳ 9ನೇ ತಾರೀಕು ನಮ್ಮ ಧಾರವಾಡ, ಗದಗ, ಹಾವೇರಿ ಕಡೆಯ ಯಾವುದಾದರೂ ಸರ್ಕಾರಿ ದವಾಖಾನೆಗೆ ಹೋಗಿ ನೋಡಿ. ಕುಂದಗೋಳ ಇರಲಿ, ಶಿರಹಟ್ಟಿ ಇರಲಿ, ಹಾನಗಲ್ ಇರಲಿ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ 2016ರಲ್ಲಿ ಶುರುವಾದ ಮೇಲೆ ಅದು ಬಸುರಿಯರ ತಪಾಸಣೆಯ ದಿನ. ತಾಯಿ ಕಾರ್ಡ್ ಹಿಡಿದ ಹೆಣ್ಣುಮಕ್ಕಳ ಸಾಲು ಬಾಗಿಲ ತನಕ ಇರುತ್ತದೆ. ತೂಕ, ಬಿಪಿ, ಹಿಮೋಗ್ಲೋಬಿನ್, ಸಕ್ಕರೆ, ಎಚ್‌ಐವಿ ಎಲ್ಲ ನೋಡುತ್ತಾರೆ. ಹಿಂದಿನ ಹೆರಿಗೆ ಹೇಗಾಯ್ತು, ಗುಳಿಗೆ ನುಂಗುತ್ತಿದ್ದೀಯಾ, ಕಾಲು ಬಾತಿದೆಯಾ ಅಂತ ಕೇಳುತ್ತಾರೆ. ಇಷ್ಟೆಲ್ಲ ಆದರೂ ಒಂದು ಪ್ರಶ್ನೆ ಮಾತ್ರ ಬಹುಪಾಲು ಕಡೆ ಯಾರ ಬಾಯಿಗೂ ಬರೋದಿಲ್ಲ. ನೀನು ಕುಡೀತೀಯಾ?

ಕೇಳದೇ ಇರೋದಕ್ಕೆ ಕಾರಣ ಸರಳ. "ನಮ್ಮ ಕಡೆ ಹೆಣ್ಣುಮಕ್ಕಳು ಎಲ್ಲಿ ಕುಡೀತಾರ್ರೀ" ಅನ್ನೋ ನಂಬಿಕೆ. ಅಂಕಿಅಂಶ ನೋಡಿದರೆ ಅದು ಪೂರ್ತಿ ಸುಳ್ಳೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ದಾಟಿದ ಗಂಡಸರಲ್ಲಿ ಶೇ. 19ರಷ್ಟು ಮಂದಿ ಕುಡಿಯುತ್ತಾರೆ, ಹೆಂಗಸರಲ್ಲಿ ಶೇ. 1ರಷ್ಟು ಮಾತ್ರ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಮಾದಕ ವಸ್ತು ಸಮೀಕ್ಷೆಯಲ್ಲೂ ಹೆಂಗಸರ ಪ್ರಮಾಣ ಶೇ. 1.6. ಆದರೆ ಮನೆ ಬಾಗಿಲಿಗೆ ಬಂದ ಅಪರಿಚಿತರ ಮುಂದೆ, ಅತ್ತೆ ಬಾಗಿಲಲ್ಲೇ ನಿಂತಿರುವಾಗ, ಹೌದು ನಾನು ಕುಡಿಯುತ್ತೇನೆ ಅಂತ ಹೇಳುವ ಸೊಸೆ ಎಷ್ಟು ಜನ ಇರಬಹುದು? ಇಂಥ ಲೆಕ್ಕದಲ್ಲಿ ಹೆಂಗಸರ ಸಂಖ್ಯೆ ಯಾವಾಗಲೂ ಕಡಿಮೆಯೇ ಬರುತ್ತದೆ.

ಸರಿ, ಆ ಶೇ. 1ನ್ನೇ ನಿಜ ಅಂದುಕೊಳ್ಳೋಣ. 2011ರ ಜನಗಣತಿಯಲ್ಲಿ ಧಾರವಾಡ ಜಿಲ್ಲೆ ಸುಮಾರು 18.5 ಲಕ್ಷ, ಹಾವೇರಿ 16 ಲಕ್ಷ, ಗದಗ 10.6 ಲಕ್ಷ. ಮೂರೂ ಸೇರಿ 45 ಲಕ್ಷ ಜನ. ಸಾವಿರಕ್ಕೆ 16-17ರ ಜನನ ಪ್ರಮಾಣ ಹಿಡಿದರೆ ವರ್ಷಕ್ಕೆ 70 ಸಾವಿರಕ್ಕಿಂತ ಜಾಸ್ತಿ ಹೆರಿಗೆ. ಅದರಲ್ಲಿ ಶೇ. 1 ಅಂದರೆ 700 ಚಿಲ್ಲರೆ. ಜಗತ್ತಿನ ಹಲವು ದೇಶಗಳ ಮಾಹಿತಿ ಸೇರಿಸಿ 2017ರಲ್ಲಿ ಮಾಡಿದ ಒಂದು ಅಂದಾಜು ಹೇಳುವುದೇನೆಂದರೆ, ಬಸುರಿಯಿದ್ದಾಗ ಕುಡಿದ ಪ್ರತಿ 13 ಹೆಂಗಸರಲ್ಲಿ ಒಬ್ಬಳ ಮಗುವಿಗೆ ಅದರಿಂದ ಶಾಶ್ವತ ತೊಂದರೆ ಆಗುತ್ತದೆ. ಹಾಗಾದರೆ ನಮ್ಮ ಮೂರು ಜಿಲ್ಲೆಯಲ್ಲೇ ವರ್ಷಕ್ಕೆ ಐವತ್ತರ ಆಸುಪಾಸು ಮಕ್ಕಳು. ಇದು ನನ್ನ ಕೈಲೆಕ್ಕ ಅಷ್ಟೇ, ಸಮೀಕ್ಷೆ ಅಲ್ಲ. ಬಸುರಿ ಅಂತ ಗೊತ್ತಾದ ಕೂಡಲೇ ಬಿಡುವವರೂ ಇದ್ದಾರೆ, ಸಮೀಕ್ಷೆಗೆ ಸಿಗದವರೂ ಇದ್ದಾರೆ. ಆದರೂ ಸುಮ್ನೆ ಪಕ್ಕಕ್ಕೆ ಸರಿಸುವಷ್ಟು ಸಣ್ಣ ಸಂಖ್ಯೆ ಅದಲ್ಲ.

ಯಾರು ಕುಡಿಯುತ್ತಾರೆ ಅಂದಕೂಡಲೇ ಜನ ಒಂದೋ ಎರಡೋ ಸಮುದಾಯದ ಹೆಸರು ಹೇಳಿ ಕೈತೊಳೆದುಕೊಳ್ಳುತ್ತಾರೆ. ನನಗೆ ಇದು ಸರಿ ಕಾಣೋದಿಲ್ಲ. ಕಬ್ಬು ಕಡಿಯೋ ಗ್ಯಾಂಗು, ಇಟ್ಟಿಗೆ ಭಟ್ಟಿ, ಗೋವಾದ ಕಟ್ಟಡ ಕೆಲಸ, ಹೀಗೆ ಗಂಡ ಹೆಂಡತಿ ಇಬ್ಬರೂ ದಿನವಿಡೀ ದುಡಿದು ಸಂಜೆ ಶೆಡ್ಡಿಗೆ ಬರುವ ಕಡೆಗಳಲ್ಲಿ "ಮೈಕೈ ನೋವಿಗೆ ಒಂದೀಟು" ಅನ್ನೋದು ಎಲ್ಲ ಜಾತಿಯಲ್ಲೂ ಇದೆ. ಅದು ಗಮ್ಮತ್ತಿಗೆ ಕುಡಿಯೋದಲ್ಲ. ನೋವಿನ ಗುಳಿಗೆಯ ಬದಲಿಗೆ ಕುಡಿಯೋದು. ಇನ್ನೊಂದು ಕಡೆ ಹುಬ್ಬಳ್ಳಿ-ಧಾರವಾಡದಲ್ಲಿ ಓದುವ, ಕೆಲಸ ಮಾಡುವ ಹುಡುಗಿಯರಿದ್ದಾರೆ. ವಾರಾಂತ್ಯದ ಪಾರ್ಟಿ, ಗೆಳೆಯರ ಮದುವೆಯ ಹಿಂದಿನ ರಾತ್ರಿ. ಇವರನ್ನಂತೂ ಖಾಸಗಿ ನರ್ಸಿಂಗ್ ಹೋಮಿನಲ್ಲಿ ಯಾರೂ ಕೇಳೋದೇ ಇಲ್ಲ. ಓದಿದವರ ಮುಂದೆ ಆ ಪ್ರಶ್ನೆ ಎತ್ತಿದರೆ ಅವಮಾನ ಮಾಡಿದ ಹಾಗಾಗುತ್ತದೆ ಅನ್ನೋ ಸಂಕೋಚ. ಮೂರನೆಯವರು ಗಂಡನ ಜೊತೆ ಕೂತು ಕಲಿತವರು. "ಒಬ್ಬನೇ ಕುಡಿದರೆ ಹೊಡೀತಾನೆ, ಜೊತೆಗೆ ಕೂತರೆ ಸುಮ್ಮನಿರ್ತಾನೆ" ಅನ್ನೋ ಲೆಕ್ಕಾಚಾರದಲ್ಲಿ ಲೋಟ ಹಿಡಿದವರು.

ಈಗ ಹೊಟ್ಟೆಯೊಳಗೆ ಏನಾಗುತ್ತದೆ ಅನ್ನೋದನ್ನು ನೋಡೋಣ. ತಾಯಿ ಕುಡಿದ ಆಲ್ಕೋಹಾಲ್ ರಕ್ತದ ಮೂಲಕ ನೇರ ಮಗುವಿಗೆ ಹೋಗುತ್ತದೆ. ಮಾಸು ಅದನ್ನು ತಡೆಯೋದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮಗುವಿನ ರಕ್ತದಲ್ಲೂ ಹೆಚ್ಚು ಕಡಿಮೆ ತಾಯಿಯಷ್ಟೇ ಪ್ರಮಾಣ ಇರುತ್ತದೆ. ಆದರೆ ಅದನ್ನು ಕರಗಿಸುವಷ್ಟು ಮಗುವಿನ ಲಿವರ್ ಬಲಿತಿರೋದಿಲ್ಲ. ಸುತ್ತಲಿನ ನೀರಿನಲ್ಲೂ ಆಲ್ಕೋಹಾಲ್ ಉಳಿಯುತ್ತದೆ, ಹಾಗಾಗಿ ತಾಯಿಯ ಅಮಲು ಇಳಿದ ಮೇಲೂ ಮಗು ಅದರಲ್ಲೇ ಇರುತ್ತದೆ. ಮುಖ ಮತ್ತು ಅಂಗಾಂಗಗಳು ರೂಪುಗೊಳ್ಳೋದು ಮೊದಲ ಎಂಟು ವಾರಗಳಲ್ಲಿ. ಮೆದುಳು ಮಾತ್ರ ಒಂಬತ್ತೂ ತಿಂಗಳು ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ "ಮೂರು ತಿಂಗಳಾದ ಮೇಲೆ ಪರವಾಗಿಲ್ಲ" ಅನ್ನೋದು ತಪ್ಪು. "ಈಗಾಗಲೇ ಐದು ತಿಂಗಳು ಕುಡಿದಾಯ್ತು, ಇನ್ನು ಬಿಟ್ಟು ಏನು ಪ್ರಯೋಜನ" ಅನ್ನೋದೂ ಅಷ್ಟೇ ತಪ್ಪು. ಯಾವ ತಿಂಗಳಲ್ಲಿ ಬಿಟ್ಟರೂ ಮಗುವಿಗೆ ಲಾಭವಿದೆ. ಇಷ್ಟು ಕುಡಿದರೆ ಏನೂ ಆಗೋದಿಲ್ಲ ಅಂತ ಹೇಳಬಲ್ಲ ಸುರಕ್ಷಿತ ಅಳತೆ ಇಲ್ಲಿಯವರೆಗೆ ಗೊತ್ತಾಗಿಲ್ಲ.

ಕುಡಿತ ಮತ್ತು ಮಕ್ಕಳ ತೊಂದರೆಯ ಈ ನಂಟನ್ನು ಫ್ರಾನ್ಸಿನ ವೈದ್ಯ ಪಾಲ್ ಲೆಮ್ವಾನ್ 1968ರಲ್ಲಿ 127 ಮಕ್ಕಳನ್ನು ನೋಡಿ ಬರೆದರು. ಹೆಚ್ಚು ಜನ ಗಮನಿಸಲಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್‌ನ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಅದಕ್ಕೆ ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಅಂತ ಹೆಸರಿಟ್ಟರು. ಸಣ್ಣ ಕಣ್ಣು, ತೆಳ್ಳನೆಯ ಮೇಲ್ದುಟಿ, ಮೂಗು ಮತ್ತು ತುಟಿಯ ನಡುವೆ ಗೆರೆ ಇಲ್ಲದ ಸಪಾಟು ಜಾಗ, ಕುಂಠಿತ ಬೆಳವಣಿಗೆ ಇದರ ಲಕ್ಷಣ. ಆದರೆ ಮುಖ ನೋಡಿ ಗುರುತಿಸಬಹುದಾದ ಮಕ್ಕಳು ಕಡಿಮೆ. ಹೆಚ್ಚಿನವರ ಮುಖ ಎಲ್ಲರಂತೆಯೇ ಇರುತ್ತದೆ, ತೊಂದರೆ ಒಳಗಿರುತ್ತದೆ. ನಿನ್ನೆ ಕಲಿತ ಮಗ್ಗಿ ಇವತ್ತು ಮರೆತುಹೋಗುತ್ತದೆ. ಕೂತಲ್ಲಿ ಕೂರೋದಿಲ್ಲ. ಸಿಟ್ಟು ತಡೆಯೋಕೆ ಆಗೋದಿಲ್ಲ. ಹೇಳಿದ ಮಾತಿನ ಒಂದು ಭಾಗ ಮಾತ್ರ ತಲೆಗೆ ಹೋಗುತ್ತದೆ. ಬಸುರಿಯಿದ್ದಾಗಿನ ಕುಡಿತದಿಂದ ಮಗುವಿಗೆ ಆಗುವ ಇಂಥ ಎಲ್ಲ ತೊಂದರೆಗಳನ್ನೂ ಸೇರಿಸಿ ಈಗ ಎಫ್‌ಎಎಸ್‌ಡಿ (ಫೀಟಲ್ ಆಲ್ಕೋಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್) ಅಂತ ಕರೆಯುತ್ತಾರೆ.

ನಮ್ಮ ಕನ್ನಡ ಶಾಲೆಯಲ್ಲಿ ಇಂಥ ಮಗುವಿಗೆ ಸಿಗೋ ಹೆಸರು ದಡ್ಡ, ಇಲ್ಲಾ ಕಿಡಿಗೇಡಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಸೀಳುತುಟಿ, ಹೃದಯದ ತೊಂದರೆ, ಕಿವುಡು ಎಲ್ಲ ಅವರ ಪಟ್ಟಿಯಲ್ಲಿವೆ. ಬೆಳವಣಿಗೆ ನಿಧಾನ, ಕಲಿಕೆಯ ತೊಂದರೆ ಕೂಡ ಇವೆ. ಆದರೆ ಕಾರಣ ಕುಡಿತ ಇರಬಹುದಾ ಅಂತ ನೋಡುವ ಪ್ರತ್ಯೇಕ ಸಾಲು ಆ ಪಟ್ಟಿಯಲ್ಲಿ ಇಲ್ಲ. ತಾಯಿಯನ್ನು ಒಂಬತ್ತು ತಿಂಗಳಲ್ಲಿ ಯಾರೂ ಕೇಳಿರೋದಿಲ್ಲವಾದ್ದರಿಂದ ಆರು ವರ್ಷದ ಮಗುವಿನ ಮುಂದೆ ಕೂತ ವೈದ್ಯರ ಹತ್ತಿರವೂ ಆ ಮಾಹಿತಿ ಇರೋದಿಲ್ಲ. ಗುರುತಿಸದೇ ಇದ್ದರೆ ಕೇಸ್ ಇಲ್ಲ, ಕೇಸ್ ಇಲ್ಲ ಅಂದರೆ ಕಾರ್ಯಕ್ರಮ ಬೇಕಿಲ್ಲ. ನಮ್ಮಲ್ಲಿ ಈ ಸಮಸ್ಯೆ ಇಲ್ಲ ಅನ್ನೋ ಮಾತು ಹುಟ್ಟಿದ್ದು ಹೀಗೆ.

"ಸ್ವಲ್ಪೇ ತಗೋತೀನ್ರಿ" ಅನ್ನೋದರ ಅಳತೆಯನ್ನೂ ಒಮ್ಮೆ ನೋಡಬೇಕು. ಆರೋಗ್ಯದವರ ಲೆಕ್ಕದಲ್ಲಿ ಒಂದು ಡ್ರಿಂಕ್ ಅಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್. ನಮ್ಮಲ್ಲಿ ಸಾರಾಯಿ 2007ರ ಜುಲೈ 1ರಿಂದ ಬಂದ್ ಆಯ್ತು. ಆ ಜಾಗಕ್ಕೆ ಬಂದದ್ದು ಅಗ್ಗದ ವಿಸ್ಕಿ, ರಮ್ಮಿನ ಪಾಕೀಟು. 90 ಎಂಎಲ್ ಪಾಕೀಟಿನಲ್ಲಿ ಸುಮಾರು ಮೂರು ಡ್ರಿಂಕ್ ಇರುತ್ತದೆ, 180ರ ಕ್ವಾರ್ಟರ್‌ನಲ್ಲಿ ಆರು. ದೊಡ್ಡ ಬಾಟಲಿ ಸ್ಟ್ರಾಂಗ್ ಬಿಯರ್ ಒಂದರಲ್ಲಿ ನಾಲ್ಕು. ಅಂದರೆ ದಿನಾ ಸಂಜೆ ಒಂದು ನೈಂಟಿ ಅನ್ನೋ ಹೆಣ್ಣುಮಗಳು ವಾರಕ್ಕೆ 21 ಡ್ರಿಂಕ್ ಕುಡಿಯುತ್ತಿದ್ದಾಳೆ. ಅವಳ ಕಣ್ಣಿಗೂ ನಮ್ಮ ಕಣ್ಣಿಗೂ ಅದು ಒಂದೀಟು. ಜೊತೆಗೆ ಸರಿಯಾಗಿ ಊಟ ಇಲ್ಲ, ರಕ್ತ ಕಡಿಮೆ ಅಂದರೆ ಮಗುವಿಗೆ ಪೆಟ್ಟು ಇನ್ನೂ ಜಾಸ್ತಿ. (ಹಾಗೇ ಒಂದು ಮಾತು: ಆಯುರ್ವೇದದ ಆಸವ, ಅರಿಷ್ಟಗಳಲ್ಲೂ ಹುದುಗಿನಿಂದ ಬಂದ ಆಲ್ಕೋಹಾಲ್ ಇರುತ್ತದೆ, ಬಾಟಲಿಯ ಮೇಲೇ ಬರೆದಿರುತ್ತಾರೆ. ಬಸುರಿಯರು ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ಕುಡಿಯೋದು ಬೇಡ.)

ಇಷ್ಟು ಗೊತ್ತಾದ ಮೇಲೆ ನಮ್ಮ ಮೊದಲ ಯೋಚನೆ ಏನು? ಬಸುರಿಯರಿಗೆ ತಿಳಿಹೇಳಬೇಕು, ಪೋಸ್ಟರ್ ಹಚ್ಚಬೇಕು, ಜಾಥಾ ಮಾಡಬೇಕು. ತೊಂದರೆ ಎಂದರೆ ಆ ಹೊತ್ತಿಗೆ ಬಹಳಷ್ಟು ಕೆಟ್ಟಿರುತ್ತದೆ. ಮುಟ್ಟು ತಪ್ಪಿ, ಇವತ್ತು ಬರಬಹುದು ನಾಳೆ ಬರಬಹುದು ಅಂತ ಕಾದು, ಆಶಾ ಅಕ್ಕನಿಗೆ ಹೇಳಿ, ಪರೀಕ್ಷೆ ಮಾಡಿಸುವಷ್ಟರಲ್ಲಿ ಆರೇಳು ವಾರ ಆಗಿರುತ್ತದೆ. ಗುಳೆ ಹೋದವರಿಗೆ ಇನ್ನೂ ತಡ. ಅದರಲ್ಲೂ ಬೇಕೆಂದು ಆದ ಬಸುರಲ್ಲದಿದ್ದರೆ ಕೇಳಲೇಬೇಡಿ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2022ರಲ್ಲಿ ಹೇಳಿದ ಪ್ರಕಾರ ಜಗತ್ತಿನ ಬಸುರಿನಲ್ಲಿ ಹತ್ತಿರತ್ತಿರ ಅರ್ಧದಷ್ಟು ಹೀಗೆ ಯೋಚಿಸದೇ ಆಗುವಂಥವು. ಆದ್ದರಿಂದ ಕೆಲಸ ಬಸುರಿಗಿಂತ ಮೊದಲೇ ಶುರುವಾಗಬೇಕು.

ಅಮೆರಿಕದಲ್ಲಿ ಚಾಯ್ಸಸ್ ಅನ್ನೋ ಕಾರ್ಯಕ್ರಮ ಹಿಡಿದದ್ದು ಇದೇ ಎಳೆಯನ್ನು. 2007ರಲ್ಲಿ ಪ್ರಕಟವಾದ ಅದರ ಅಧ್ಯಯನದಲ್ಲಿ 830 ಹೆಂಗಸರಿದ್ದರು. ಯಾರೂ ಬಸುರಿಯರಲ್ಲ. ಆದರೆ ಜಾಸ್ತಿ ಕುಡಿಯುವವರು, ಗರ್ಭನಿರೋಧಕ ಸರಿಯಾಗಿ ಬಳಸದವರು. ಅಂದರೆ ಯಾವತ್ತು ಬೇಕಾದರೂ ಮಗು ಕುಡಿತದ ನಡುವೆ ಮೂಡಬಹುದು ಅನ್ನುವಂಥವರು. ಜೈಲು, ವ್ಯಸನಮುಕ್ತಿ ಕೇಂದ್ರ, ಸಾಮಾನ್ಯ ಕ್ಲಿನಿಕ್‌ಗಳಲ್ಲಿ ಇಂಥವರನ್ನು ಹುಡುಕಿದರು. ಒಂದು ಗುಂಪಿಗೆ ಕರಪತ್ರ ಮಾತ್ರ. ಇನ್ನೊಂದು ಗುಂಪಿಗೆ ನಾಲ್ಕು ಸಲ ಕೂತು ಮಾತು, ಒಂದು ಸಲ ಗರ್ಭನಿರೋಧಕದ ಸಲಹೆ. ಮುಂದೆ ಎರಡು ಬಾಗಿಲು ಇಟ್ಟರು. ಕುಡಿತ ಕಡಿಮೆ ಮಾಡು, ಇಲ್ಲವಾದರೆ ಸದ್ಯಕ್ಕೆ ಬಸುರಿ ಆಗದ ಹಾಗೆ ನೋಡಿಕೋ, ಎರಡೂ ಆದರೆ ಒಳ್ಳೆಯದು, ಯಾವುದು ನಿನಗೆ ಆಗುತ್ತದೋ ಅಲ್ಲಿಂದ ಶುರುಮಾಡು. ಒಂಬತ್ತು ತಿಂಗಳ ನಂತರ ನೋಡಿದಾಗ ಮಾತಿಗೆ ಕೂತ ಗುಂಪಿನಲ್ಲಿ ಅಪಾಯದಿಂದ ಹೊರಬಂದವರು ಸ್ಪಷ್ಟವಾಗಿ ಜಾಸ್ತಿ ಇದ್ದರು. ನಾಲ್ಕು ಮಾತುಕತೆ, ಅಷ್ಟೇ. ಯಾವ ದುಬಾರಿ ಯಂತ್ರವೂ ಬೇಕಾಗಲಿಲ್ಲ.

ಇದನ್ನು ನಮ್ಮ ಜಿಲ್ಲೆಗಳಿಗೆ ತಂದು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಗರ್ಭನಿರೋಧಕ ಅಂದರೆ ನಮ್ಮಲ್ಲಿ ಆಪರೇಷನ್. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡವರು. ಎರಡು ಮಕ್ಕಳಾದವು, ಆಪರೇಷನ್ ಆಯ್ತು, ಮುಗಿಯಿತು. ಹಾಗಾದರೆ ಮದುವೆಯಿಂದ ಆಪರೇಷನ್ ತನಕದ ಆ ನಾಲ್ಕೈದು ವರ್ಷ? ಆ ನಡುವೆ ಏನೂ ಇಲ್ಲ. ಕಾಪರ್-ಟಿ ಅಂದರೆ ಹೆದರಿಕೆ, ಗುಳಿಗೆ ಅಂದರೆ ಅನುಮಾನ, ನಿರೋಧ್ ಗಂಡನಿಗೆ ಬೇಡ. ಅಪಾಯ ಪೂರ್ತಿ ಕೂತಿರೋದು ಆ ನಾಲ್ಕೈದು ವರ್ಷದಲ್ಲೇ. ಹಾಗಂತ ಸಾಮಾನು ಇಲ್ಲ ಅಂತಲ್ಲ. ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಚುಚ್ಚುಮದ್ದು, ಮೊದಲ ಮೂರು ತಿಂಗಳು ವಾರಕ್ಕೆರಡು ಆಮೇಲೆ ವಾರಕ್ಕೊಂದು ನುಂಗುವ ಛಾಯಾ ಗುಳಿಗೆ, ಎರಡೂ 2017ರಿಂದ ಸರ್ಕಾರಿ ಕಾರ್ಯಕ್ರಮದಲ್ಲಿವೆ, ಪುಕ್ಕಟೆ. ಅಂತರಾ ಬಗ್ಗೆ ಹೇಳುವ ಆಶಾ ಅಕ್ಕ ಕುಡಿತದ ಬಗ್ಗೆ ಕೇಳೋದಿಲ್ಲ, ಕುಡಿತದ ಬಗ್ಗೆ ಭಾಷಣ ಮಾಡುವವರು ಅಂತರಾ ಹೆಸರೇ ಎತ್ತೋದಿಲ್ಲ. ನನ್ನ ಇಡೀ ತಕರಾರು ಇಷ್ಟೇ. ಇವೆರಡೂ ಒಂದೇ ಬಾಯಿಂದ, ಒಂದೇ ದಿನ, ಒಂದೇ ಕಟ್ಟೆಯ ಮೇಲೆ ಬರಬೇಕು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಕುಡಿಯುವ ಹೆಂಗಸು ಅಂದರೆ ಹಿಡಿದು ಆಪರೇಷನ್ ಮಾಡಿಬಿಡಿ ಅನ್ನೋ ಮನಸ್ಸು ಬಹಳ ಬೇಗ ಬರುತ್ತದೆ. 1997ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಒಂದು ಸಂಸ್ಥೆ ವ್ಯಸನಿ ಹೆಂಗಸರಿಗೆ 300 ಡಾಲರ್ ಕೊಟ್ಟು ಸಂತಾನಹರಣಕ್ಕೆ ಅಥವಾ ದೀರ್ಘಕಾಲದ ಗರ್ಭನಿರೋಧಕಕ್ಕೆ ಒಪ್ಪಿಸುತ್ತಿತ್ತು. ಅಮಲಿಗೆ ದುಡ್ಡಿಲ್ಲದೆ ಒದ್ದಾಡುತ್ತಿರುವವಳ ಮುಂದೆ 300 ಡಾಲರ್ ಇಟ್ಟು ಒಪ್ಪಿಗೆ ಕೇಳೋದು ಒಪ್ಪಿಗೆಯಾ? ನಮ್ಮಲ್ಲೂ ಗುರಿ, ಕ್ಯಾಂಪು ಅಂತ ಓಡಿ ಜೀವ ಕಳೆದ ಇತಿಹಾಸ ಇದೆ. 2016ರಲ್ಲಿ ಸುಪ್ರೀಂ ಕೋರ್ಟ್ ಸಂತಾನಹರಣ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಅಂತ ಹೇಳಬೇಕಾಯ್ತು. ಚಾಯ್ಸಸ್ ಅಂಥ ಕೆಲಸ ಅಲ್ಲ, ಅಲ್ಲಿ ಆಯ್ಕೆ ಅವಳದ್ದು.

ಇನ್ನು ಕೇಳೋದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆ 2014ರ ಮಾರ್ಗಸೂಚಿಯಲ್ಲಿ ನೇರವಾಗಿ ಹೇಳಿದೆ: ಎಲ್ಲ ಬಸುರಿಯರನ್ನೂ ಕೇಳಿ, ಆದಷ್ಟು ಬೇಗ ಕೇಳಿ, ಪ್ರತಿ ತಪಾಸಣೆಯಲ್ಲೂ ಕೇಳಿ. "ಎಲ್ಲರನ್ನೂ" ಅನ್ನೋದು ಇಲ್ಲಿ ಮುಖ್ಯ. ಒಬ್ಬಳ ಸೀರೆ, ಜಾತಿ, ಊರು ನೋಡಿ ಕೇಳಿದರೆ ಅದು ಅವಮಾನ. ಎಲ್ಲರನ್ನೂ ಕೇಳಿದರೆ ಬಿಪಿ ನೋಡಿದ ಹಾಗೆ. ಅತ್ತೆ, ಗಂಡ ಪಕ್ಕದಲ್ಲಿ ಇಲ್ಲದಾಗ ಕೇಳಬೇಕು. "ನೀ ಏನ್ ಕುಡೀತಿ ಏನು?" ಅಂದರೆ ಯಾರೂ ಹೂಂ ಅನ್ನೋದಿಲ್ಲ. "ಯವ್ವಾ, ಹೊಲದಾಗ ದುಡದು ಬಂದಮ್ಯಾಲ ಮೈಕೈ ನೋವಿಗಂತ ಭಾಳ ಮಂದಿ ಏನರ ತಗೋತಾರ. ನೀ ಹೆಂಗ ಮಾಡ್ತಿ?" ಅಂತ ಕೇಳಿದರೆ ಬಾಯಿ ಬಿಡುವ ಸಾಧ್ಯತೆ ಇದೆ. ಬಸುರಿಯರಿಗೆಂದೇ 1989ರಲ್ಲಿ ಬಂದ ನಾಲ್ಕು ಪ್ರಶ್ನೆಗಳ ಟಿ-ಏಸ್ ಅನ್ನೋ ಪಟ್ಟಿಯ ಜಾಣತನವೂ ಇದೇ. ಅದು ಎಷ್ಟು ಕುಡೀತೀಯಾ ಅಂತ ಶುರುಮಾಡೋದಿಲ್ಲ. ಏರಬೇಕಾದರೆ ಎಷ್ಟು ಬೇಕು ಅಂತ ಕೇಳುತ್ತದೆ. "ಎಷ್ಟ ಹಾಕಿದ್ರ ಏರತೈತಿ?" "ಎರಡ ಪಾಕೀಟ ಬೇಕ್ರಿ ಅಕ್ಕಾರ." ಇಷ್ಟು ಉತ್ತರದಲ್ಲೇ ಮೈ ಎಷ್ಟು ಒಗ್ಗಿಹೋಗಿದೆ ಅನ್ನೋದು ಗೊತ್ತಾಗುತ್ತದೆ. ಯಾರಾದರೂ ಬೈದಾಗ ಸಿಟ್ಟು ಬಂದಿದೆಯಾ, ಕಡಿಮೆ ಮಾಡಬೇಕು ಅನ್ನಿಸಿದೆಯಾ, ಬೆಳಗ್ಗೆ ಎದ್ದ ಕೂಡಲೇ ಬೇಕಾಗುತ್ತದೆಯಾ, ಉಳಿದ ಮೂರು ಇವು.

ಬೆಳಗ್ಗೆ ಎದ್ದ ಕೂಡಲೇ ಬೇಕು ಅನ್ನುವವಳ ವಿಷಯ ಬೇರೆ. ಇಲ್ಲೇ ನಮ್ಮ ಜನ ಒಳ್ಳೆ ಮನಸ್ಸಿನಿಂದ ಅನಾಹುತ ಮಾಡೋದು. ದೇವರ ಮುಂದೆ ನಿಲ್ಲಿಸಿ ಆಣೆ ಮಾಡಿಸುತ್ತಾರೆ, ಇವತ್ತಿನಿಂದ ಒಂದು ಹನಿಯೂ ಇಲ್ಲ ಅಂತ. ವರ್ಷಗಟ್ಟಲೆ ದಿನಾ ಕುಡಿದ ಮೈಗೆ ಒಮ್ಮೆಲೇ ನಿಂತರೆ ಕೆಲವೇ ಗಂಟೆಗಳಲ್ಲಿ ಕೈ ನಡುಗೋಕೆ ಶುರುವಾಗುತ್ತದೆ, ಬೆವರು, ವಾಂತಿ, ನಿದ್ದೆ ಇಲ್ಲ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಆಮೇಲೆ ದಿಕ್ಕು ತೋಚದ ಹಾಗೆ ಭ್ರಮೆ ಹಿಡಿಯಬಹುದು. ಬಸುರಿಗೆ ಹೀಗಾದರೆ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಇಂಥವರನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡೇ ಬಿಡಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಾರ್ಗಸೂಚಿ ಹೇಳುತ್ತದೆ. ಇನ್ನು ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ, ಮೊಬೈಲ್ ಜಾಹೀರಾತಿನಲ್ಲಿ ಕಾಣುವ "ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿ". ಅದರಲ್ಲಿ ಏನಿದೆ ಅಂತ ಕೊಡುವವನೂ ಹೇಳೋದಿಲ್ಲ, ತಿನ್ನುವವಳಿಗೂ ಗೊತ್ತಿರೋದಿಲ್ಲ. ಗಂಡಸರಿಗೂ ಹಾಕಬಾರದು. ಬಸುರಿಗಂತೂ ದಯವಿಟ್ಟು ಬೇಡ.

ಹೋಗಬೇಕಾದ ಜಾಗಗಳು ನಮ್ಮಲ್ಲಿ ಇವೆ. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಹಳೆ ತಲೆಮಾರಿನವರು ಈಗಲೂ ಮೆಂಟಲ್ ಹಾಸ್ಪಿಟಲ್ ಅಂತಲೇ ಕರೆಯೋದು. ಹುಬ್ಬಳ್ಳಿ, ಗದಗ, ಹಾವೇರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ, ಹೆರಿಗೆ ವಿಭಾಗವೂ ಮನೋವೈದ್ಯ ವಿಭಾಗವೂ ಒಂದೇ ಆವರಣದ ಸಂಸ್ಥೆಯಲ್ಲಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಪದ್ಧತಿ ಇದೆ. 14416ಕ್ಕೆ ಫೋನ್ ಮಾಡಿದರೆ 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ಹೆಸರು ಹೇಳಲೇಬೇಕು ಅಂತಿಲ್ಲ. ಆದರೆ 9ನೇ ತಾರೀಕಿನ ಸಾಲು ಮತ್ತು ಮಂಗಳವಾರದ ಸಾಲು ಎಲ್ಲೂ ಸೇರೋದಿಲ್ಲ. ನರ್ಸ್ ಅಕ್ಕ ಒಂದು ಚೀಟಿ ಬರೆದು "ಮಂಗಳವಾರ ಬಾ, ನಾನೇ ಕರಕೊಂಡ ಹೋಗ್ತೀನಿ" ಅಂದರೆ ಸಾಕು. ಬರೀ "ಧಾರವಾಡಕ್ಕೆ ಹೋಗು" ಅಂದರೆ ಯಾರೂ ಹೋಗೋದಿಲ್ಲ. ಬಸುರಿ ಹೆಣ್ಣುಮಗಳು ಅಲ್ಲಿಗೆ ಹೋದಳು ಅಂದರೆ ಊರಲ್ಲಿ ಏನಂತಾರೆ ಅನ್ನೋದು ಕುಡಿತಕ್ಕಿಂತ ದೊಡ್ಡ ಭಯ.

ಕುಡಿತ ಬಿಡಿಸುವ ಪರಂಪರೆ ನಮ್ಮ ಕಡೆ ದೊಡ್ಡದಿದೆ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ಚಟಗಳನ್ನು ಭಿಕ್ಷೆ ಬೇಡಿದರು, ಅವರ ಹುಟ್ಟಿದ ದಿನ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ನಮ್ಮ ತಾಲೂಕುಗಳಲ್ಲೂ ನಡೆಯುತ್ತವೆ. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿ ಹೆಂಗಸರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಇದೆಲ್ಲದರಲ್ಲೂ ಒಂದು ಚಿತ್ರ ಗಟ್ಟಿಯಾಗಿದೆ: ಕುಡಿಯುವವನು ಗಂಡ, ಅಳುವವಳು ಹೆಂಡತಿ. ಆ ಚಿತ್ರ ಬಹುಪಾಲು ನಿಜವೇ. ಆದರೆ ಕುಡಿಯುವ ಹೆಂಡತಿಗೆ ಅದರಲ್ಲಿ ಜಾಗವೇ ಇಲ್ಲ. ಶಿಬಿರಕ್ಕೆ ಹೋಗಿ ಎಂಟು ದಿನ ಗಂಡಸರ ನಡುವೆ ಆಕೆ ಕೂರೋದು ಎಲ್ಲಿ? ಸಣ್ಣ ಮಗುವನ್ನು ಯಾರ ಹತ್ತಿರ ಬಿಡೋದು? ಗಂಡ ಶಿಬಿರದಿಂದ ಬಂದರೆ ಹಾರ ಹಾಕುತ್ತಾರೆ. ಆಕೆ ಬಂದರೆ ಬಾಯಿಗೊಂದು ಮಾತಾಡುತ್ತಾರೆ.

ಹೆಂಗಸರಿಗಾಗಿಯೇ ಕಟ್ಟಿದ ಜಾಗ ಹೇಗಿರುತ್ತದೆ ಅನ್ನೋದಕ್ಕೆ ಕೆನಡಾದ ವ್ಯಾಂಕೂವರ್‌ನಲ್ಲಿ 1993ರಿಂದ ನಡೆಯುತ್ತಿರುವ ಶೀವೇ ಅನ್ನೋ ಕೇಂದ್ರ ನೋಡಬೇಕು. ಅದು ಇರೋದು ಆ ಊರಿನ ಬಡ ಬಡಾವಣೆಯಲ್ಲಿ. ಅಲ್ಲಿ ಮೊದಲು ಸಿಗೋದು ಬುದ್ಧಿಮಾತಲ್ಲ, ಬಿಸಿ ಊಟ. ಊಟಕ್ಕೆ ಅಂತ ಬಂದವಳಿಗೆ ನಿಧಾನಕ್ಕೆ ನರ್ಸ್, ವೈದ್ಯರು, ಮನೆ ಹುಡುಕಿಕೊಡುವವರು, ಮಗುವಿಗೆ ಹಾಲಿನ ಪುಡಿ ಎಲ್ಲ ಒಂದೇ ಸೂರಿನಡಿ. ಈಗ ನಮ್ಮಲ್ಲಿಗೆ ಬನ್ನಿ. 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆ ಇದೆ. ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಊಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ವ್ಯಾಂಕೂವರಿನವರು ದುಡ್ಡು ಕೂಡಿಸಿ ಕಟ್ಟಿದ ಬಾಗಿಲು ನಮ್ಮ ಊರೂರಲ್ಲೂ ತೆರೆದೇ ಇದೆ, ಒಳಗೆ ಕೂತವಳನ್ನು ಒಂದು ಮಾತು ಕೇಳೋದಷ್ಟೇ ಬಾಕಿ. ಮುಚ್ಚುಮರೆ ಇಲ್ಲದೆ ಹೇಳಬೇಕೆಂದರೆ, ಹೊಸ ಯೋಜನೆ ಬೇಕು ಅನ್ನುವವರ ಮಾತಿಗೆ ನಾನು ಇದೇ ಕಾರಣಕ್ಕೆ ತಲೆಯಾಡಿಸೋದಿಲ್ಲ.

ಆದರೆ ಕೇಳುವವರು ಯಾರು? ಮತ್ತೆ ಆಶಾ ಕಾರ್ಯಕರ್ತೆಯೇ. ಸಾವಿರ ಜನಕ್ಕೊಬ್ಬಳು. ಬಾಣಂತಿ ಭೇಟಿ, ಲಸಿಕೆ, ಸರ್ವೆ, ಆಪ್‌ನಲ್ಲಿ ಎಂಟ್ರಿ, ಎಲ್ಲ ಅವಳ ತಲೆ ಮೇಲೆ. ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕೂತವರು ಇವರೇ. ಸಿಯಾಟಲ್‌ನಲ್ಲಿ 1991ರಲ್ಲಿ ಶುರುವಾದ ಪಿಕ್ಯಾಪ್ ಅನ್ನೋ ಕಾರ್ಯಕ್ರಮದಲ್ಲಿ ಬಸುರಿಯಿದ್ದಾಗ ಕುಡಿದ, ಡ್ರಗ್ಸ್ ತೆಗೆದುಕೊಂಡ ತಾಯಂದಿರ ಮನೆಗೆ ಕಾರ್ಯಕರ್ತೆ ಮೂರು ವರ್ಷ ಹೋಗುತ್ತಾಳೆ. ಆದರೆ ಒಬ್ಬ ಕಾರ್ಯಕರ್ತೆಗೆ ಹದಿನೈದರ ಆಸುಪಾಸು ಕುಟುಂಬ ಮಾತ್ರ. ಅವರಲ್ಲಿ ಹಲವರು ತಾವೇ ಅಂಥ ಕಷ್ಟ ದಾಟಿ ಬಂದವರು. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಅದರ ಒಂದು ನಿಯಮ: ಮತ್ತೆ ಕುಡಿದಳು ಅಂತ ಯಾರನ್ನೂ ಹೊರಗೆ ಹಾಕುವಂತಿಲ್ಲ. ಬೀಳೋದು ಇದ್ದದ್ದೇ ಅಂತ ಮೊದಲೇ ಒಪ್ಪಿಕೊಂಡ ಕಾರ್ಯಕ್ರಮ ಅದು. ನಮ್ಮ ಆಶಾಗೆ ಈ ಕೆಲಸ ಹೇಳೋದಾದರೆ ತರಬೇತಿ ಕೊಡಬೇಕು, ಭೇಟಿಗೆ ಇಷ್ಟು ಅಂತ ದುಡ್ಡು ಕೊಡಬೇಕು. ರಾಜ್ಯ 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡಿತ್ತು. ದುಡ್ಡಿಲ್ಲ ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ.

ಗಂಡನನ್ನು ಬಿಟ್ಟು ಇದರಲ್ಲಿ ಏನೂ ಆಗೋದಿಲ್ಲ. ಮೊದಲು ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೇ ಇನ್ನೊಂದು ಅಂಕಿ ಇದೆ. ಗಂಡ ಆಗಾಗ ಕುಡಿದು ಬರುವ ಮನೆಗಳಲ್ಲಿ ಶೇ. 70ರಷ್ಟು ಹೆಂಡಂದಿರು ಹೊಡೆತ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಗಂಡ ಕುಡಿಯದ ಮನೆಗಳಲ್ಲಿ ಇದು ಶೇ. 23. ಆ ಮನೆಯಲ್ಲಿ ಪಾಕೀಟು ತರುವವನು ಅವನೇ, ಹೊಡೆಯುವವನೂ ಅವನೇ. "ನೀನು ಬಿಡು" ಅಂತ ಆಕೆಗೊಬ್ಬಳಿಗೆ ಹೇಳಿದರೆ ಆಕೆ ಬಿಟ್ಟು ಹೋಗೋದಾದರೂ ಎಲ್ಲಿಗೆ? ಹೆಂಡತಿಯ ಬಸುರಿನ ಒಂಬತ್ತು ತಿಂಗಳು ಮನೆಗೆ ಪಾಕೀಟು ತರೋದಿಲ್ಲ ಅಂತ ಗಂಡ ಒಪ್ಪಿದರೆ ಅರ್ಧ ಕೆಲಸ ಆದಂತೆ. ಕುಬಸದ ದಿನ ಹಸಿರು ಬಳೆ ತೊಡಿಸಿ, ಬಯಕೆ ಊಟ ಬಡಿಸಿ ಮಾಡುವ ಸಂಭ್ರಮದಲ್ಲಿ ಗಂಡನ ಪಾಲಿನ ಕೆಲಸ ಅಂತ ಏನೂ ಇರೋದಿಲ್ಲ. ಅಂಗನವಾಡಿಯಲ್ಲಿ ಮಾಡುವ ಸಾಮೂಹಿಕ ಸೀಮಂತಕ್ಕೆ ಅವನನ್ನೂ ಕರೆದು ಕೂರಿಸಿ ಈ ಮಾತು ಆಡಬಹುದಲ್ವಾ? ಹೊಡೆತ ಇದ್ದ ಕಡೆ ಮಾತು ಸಾಲದು, ಅಲ್ಲಿ 181 ಸಹಾಯವಾಣಿ, ಜಿಲ್ಲೆಯ ಸಖಿ ಕೇಂದ್ರ ಬೇಕು.

ಕೆಲವರು ಹೇಳ್ತಾರೆ, ಕಾನೂನು ತನ್ನಿ, ಬಸುರಿ ಕುಡಿದರೆ ಕೇಸ್ ಹಾಕಿ ಅಂತ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 1998ರಲ್ಲಿ ಅಂಥದ್ದೇ ಕಾನೂನು ತಂದಿತು, ಬಸುರಿಯನ್ನು ಹಿಡಿದು ಇಟ್ಟುಕೊಳ್ಳುವ ಅಧಿಕಾರ ಕೊಟ್ಟಿತು. ಅಂಥ ಕಡೆ ಹೆಂಗಸರು ಮೊದಲು ಮಾಡೋದು ಏನು ಗೊತ್ತಾ? ತಪಾಸಣೆಗೆ ಬರೋದನ್ನೇ ಬಿಡುತ್ತಾರೆ. ನಮ್ಮಲ್ಲಿ ಕಷ್ಟಪಟ್ಟು 9ನೇ ತಾರೀಕಿಗೆ ಸಾಲು ನಿಲ್ಲಿಸಿದ್ದೇವೆ. ಅದನ್ನು ಕೆಡಿಸೋಕೆ ಒಂದು ಪೊಲೀಸ್ ಜೀಪು ಸಾಕು. ಬಾಟಲಿಯ ಮೇಲೆ ಬರೆಸೋದು ಇದಕ್ಕಿಂತ ವಾಸಿ. ಅಮೆರಿಕದಲ್ಲಿ 1989ರಿಂದ ಬಾಟಲಿಗಳ ಮೇಲೆ ಬಸುರಿಯರಿಗೆ ಎಚ್ಚರಿಕೆ ಇದೆ, ಫ್ರಾನ್ಸಿನಲ್ಲಿ 2007ರಿಂದ ಬಸುರಿಯ ಚಿತ್ರದ ಗುರುತು ಇಲ್ಲವೇ ಎಚ್ಚರಿಕೆಯ ಮಾತು ಕಡ್ಡಾಯ. ನಮ್ಮಲ್ಲಿ 2019ರಿಂದ ಜಾರಿಯಾದ ಎಚ್ಚರಿಕೆ ಆರೋಗ್ಯಕ್ಕೆ ಹಾನಿಕರ, ಕುಡಿದು ಗಾಡಿ ಓಡಿಸಬೇಡಿ ಅನ್ನುತ್ತದೆ. ಗಾಡಿ ಓಡಿಸುವವನು ನೆನಪಾದ, ಬಸುರಿ ನೆನಪಾಗಲಿಲ್ಲ. ಓದು ಬಾರದವಳಿಗೂ ಅರ್ಥವಾಗುವ ಒಂದು ಚಿತ್ರ ಪಾಕೀಟಿನ ಮೇಲೆ ಬಂದರೆ ಯಾರಿಗೇನು ನಷ್ಟ?

ಕೊನೆಗೆ ಎರಡನೇ ಮಗುವಿನ ಮಾತು. ಮೊದಲ ಮಗುವಿಗೆ ತೊಂದರೆಯಾದ ಮನೆಯಲ್ಲಿ, ಏನೂ ಬದಲಾಗದಿದ್ದರೆ, ಮುಂದಿನ ಮಗುವಿಗೆ ಅಪಾಯ ಇನ್ನೂ ಜಾಸ್ತಿ. ಹಾಗಾಗಿ ಹೆರಿಗೆಯಾದ ಮೇಲಿನ ಒಂದೆರಡು ವರ್ಷವೇ ಅತ್ಯಂತ ಬೆಲೆಯುಳ್ಳ ಸಮಯ. ಆಶಾ ಅಕ್ಕ ಹೆರಿಗೆಯಾದ 42 ದಿನದೊಳಗೆ ಆರೇಳು ಸಲ ಬಾಣಂತಿಯ ಮನೆಗೆ ಹೋಗುತ್ತಾಳೆ. 2018ರಲ್ಲಿ ಬಂದ ಇನ್ನೊಂದು ಕಾರ್ಯಕ್ರಮದ ಪ್ರಕಾರ ಮಗುವಿಗೆ 3, 6, 9, 12 ಮತ್ತು 15 ತಿಂಗಳಾದಾಗ ಮತ್ತೆ ಹೋಗಬೇಕು. ಮಗುವಿನ ತೂಕ, ಲಸಿಕೆ, ಊಟ ನೋಡುವ ಆ ಐದು ಭೇಟಿಗಳಲ್ಲಿ ತಾಯಿಯನ್ನು ಎರಡು ಮಾತು ಕೇಳಬಹುದು: ಸಂಜೆ ಈಗ ಹೆಂಗೈತಿ, ಮುಂದಿನ ಮಗು ಯಾವಾಗ ಬೇಕಂತೀ. ಬಸುರಿಯಿದ್ದಾಗ ಕುಡಿತ ಇದ್ದದ್ದು ಗೊತ್ತಾದ ಮನೆಗಳಿಗೆ ಮಾತ್ರ ಈ ಭೇಟಿಯನ್ನು ಮೂರು ವರ್ಷದ ತನಕ ಎಳೆಯಬಹುದು. ಒಂದು ತಾಲೂಕಿನಲ್ಲಿ ಅಂಥ ಮನೆಗಳು ಎಷ್ಟಿರಬಹುದು ಅಂತ ಯಾರಾದರೂ ಲೆಕ್ಕ ಹಾಕಬೇಕಾದರೆ ಸವಣೂರೋ, ರೋಣವೋ, ಕಲಘಟಗಿಯೋ, ಒಂದು ಕಡೆಯಾದರೂ ಒಂದು ವರ್ಷ ಎಲ್ಲ ಬಸುರಿಯರನ್ನೂ ಬಿಡದೆ ಕೇಳಿ, ಹೆಸರಿಲ್ಲದೆ ಬರೆದಿಡಬೇಕು. ಜಿಲ್ಲಾ ಆರೋಗ್ಯಾಧಿಕಾರಿ ಮನಸ್ಸು ಮಾಡಿದರೆ ಇದಕ್ಕೆ ಬೆಂಗಳೂರಿನ ಆದೇಶಕ್ಕೆ ಕಾಯಬೇಕಾದ್ದಿಲ್ಲ.